ಜಮಖಂಡಿಯ ತುಂಡುಸೀಮೆಗಳು

1811ರಲ್ಲಿ ರೂಪುಗೊಂಡು 1948ರಲ್ಲಿ ಭಾರತದೊಡನೆ ಐಕ್ಯವಾದ ಜಮಖಂಡಿ ಸಂಸ್ಥಾನದ ನಕಾಶೆಯನ್ನು ಬಿಡಿಸಿ ನೋಡಿದವರಿಗೆ ಮೊದಲು ಗೋಚರವಾಗುವುದು, ಅದರ ನೆಲವೆಲ್ಲ ಒಂದೆಡೆ ಕೂಡಿರಲಿಲ್ಲವೆಂಬ ಸಂಗತಿ: ಪಟವರ್ಧನರ ಗಾದಿ ಜಮಖಂಡಿಯಲ್ಲಿ, ಅವರದೇ ಆದ ಕುಂದಗೋಳವೋ ದೂರದ ಧಾರವಾಡ ಸೀಮೆಯಲ್ಲಿ, ನಡುವೆ ಇಂಗ್ಲಿಷರ ಪ್ರಾಂತವೂ ಪರಸಂಸ್ಥಾನಗಳ ನೆಲವೂ. ಆದರೂ ಎರಡೂ ಊರಿಗೆ ಒಡೆತನ ಒಂದೇ ಆಗಿದ್ದುದರಿಂದ, ರಾಜಧಾನಿಯ ಆಜ್ಞಾಪತ್ರವು ಪರರ ಹಾದಿಯನ್ನು ತುಳಿದು, ಕುಂದಗೋಳದಲ್ಲಿ ಮುದ್ರೆ ಒಡೆದೊಡನೆ, ತನ್ನ ನೆಲದೊಳಗೇ ಇದ್ದಂತೆ ಜಾರಿಗೆ ಬರುತ್ತಿದ್ದಿತು. ಈ ವ್ಯವಸ್ಥೆಯನ್ನು ನಾನು ಬಹುಕಾಲ ಇತಿಹಾಸದ ತೊಡಕೆಂದೇ ಎಣಿಸಿದ್ದೆ. ಈಗ, ಗಣಕಯಂತ್ರಗಳ ಜಾಲವನ್ನು ಕಂಡ ಮೇಲೆ, ಅದರಲ್ಲೊಂದು ಅಪೂರ್ವ ವಿವೇಕವನ್ನು ಕಾಣುತ್ತೇನೆ.

ಕುಲಕರ್ಣಿಯ ದಪ್ತರದಲ್ಲಿ ಬಟ್ಟೆ ಸುತ್ತಿ ಗಂಟು ಹಾಕಿಟ್ಟಿರುತ್ತಿದ್ದ ಹೊಲದ ಲೆಕ್ಕವು 2001ರ ಭೂಮಿ ಯೋಜನೆಯಿಂದ ತಾಲ್ಲೂಕು ಕಚೇರಿಯ ಗಣಕಯಂತ್ರಕ್ಕೆ ಬಂದಿತು. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು, ನಮ್ಮ ಕಡೆಯ ಮಾತಿನಲ್ಲಿ ಉತಾರಗಳು, ಕೈಬರಹದಿಂದ ಪಾರಾದುವು. ಮೊದಮೊದಲು ತಾಲ್ಲೂಕಿಗೊಂದು ಸರ್ವರ್. ಬಳಿಕ ಅವೆಲ್ಲ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸಾಗಿ, ಅನೇಕ ಇಲಾಖೆಗಳ ಕಡತಗಳೊಡನೆ ಒಂದೇ ಸೂರಿನಡಿ ಸೇರಿದುವು.

ಒಂದು ಸೂರಿನಡಿ ಹಲವು ಸಂಸಾರಗಳಿದ್ದಲ್ಲಿ ಗೋಡೆ ಬೇಕು. ಒಂದು ಯಂತ್ರವನ್ನು ಹಲವು ಯಂತ್ರಗಳಂತೆ ತೋರಿಸುವ ವಿದ್ಯೆಯನ್ನು ಐಬಿಎಂ ಸಂಸ್ಥೆಯು 1972ರಲ್ಲಿಯೇ ಮಾರುಕಟ್ಟೆಗೆ ತಂದಿತ್ತು; ಪರರ ಯಂತ್ರವನ್ನು ಬಾಡಿಗೆಗೆ ಹಿಡಿಯದೆ ಸ್ವಂತ ಕಟ್ಟಡದಲ್ಲಿಯೇ ಅಂಥ ಯಂತ್ರಸಮೂಹವನ್ನು ನಡೆಸುವ ಪ್ರೈವೇಟ್ ಕ್ಲೌಡ್‌ಗೆ 2010ರಲ್ಲಿ ಓಪನ್‌ಸ್ಟ್ಯಾಕ್ ಎಂಬ ಮುಕ್ತ ತಂತ್ರಾಂಶವು ಒದಗಿತು; 2014ರಲ್ಲಿ ಕೇಂದ್ರ ಸರಕಾರದ ಕ್ಲೌಡ್ ‘ಮೇಘರಾಜ’ ಎಂಬ ಹೆಸರಿನಿಂದ ಆರಂಭವಾಯಿತು. ಯಂತ್ರವನ್ನು ವಿಭಾಗಿಸುವುದು ಸುಲಭ. ಹಾದಿಯನ್ನು ವಿಭಾಗಿಸುವುದು ಕಷ್ಟ.

ಒಂದೇ ಕೇಬಲಿನಲ್ಲಿ ಸಾಗುವ ಪ್ಯಾಕೆಟ್ಟುಗಳಿಗೆ ಬೇರೆ ಬೇರೆ ಸಂಖ್ಯೆ ಹಚ್ಚಿ ಬೇರ್ಪಡಿಸುವ ವಿಲ್ಯಾನ್ ಕ್ರಮವು 1998ರಲ್ಲಿ ಪ್ರಮಾಣೀಕೃತವಾಯಿತಷ್ಟೆ; ಅದರಲ್ಲಿ ಸಲ್ಲುವ ಸಂಖ್ಯೆಗಳು 4,094 ಮಾತ್ರ. 2014ರಲ್ಲಿ ಪ್ರಕಟವಾದ ವಿಎಕ್ಸ್‌ಲ್ಯಾನ್ ಕ್ರಮದಲ್ಲಿ ಅವು 1 ಕೋಟಿ 67 ಲಕ್ಷವನ್ನು ಮೀರುತ್ತವೆ. ಅಲ್ಲದೆ ಒಂದು ಪ್ಯಾಕೆಟ್ಟನ್ನು ಇಡಿಯಾಗಿ ಮತ್ತೊಂದರ ಒಡಲಲ್ಲಿಟ್ಟು ಕಳುಹಿಸುವುದರಿಂದ, ದೂರದೂರದ ಕಪಾಟುಗಳಲ್ಲಿರುವ ಒಂದೇ ಇಲಾಖೆಯ ಯಂತ್ರಗಳು ಅಕ್ಕಪಕ್ಕದಲ್ಲಿರುವಂತೆ ಮಾತಾಡುತ್ತವೆ. ಜಮಖಂಡಿಗೂ ಕುಂದಗೋಳಕ್ಕೂ ಇದ್ದ ಸಂಬಂಧವು ಇದಲ್ಲದೆ ಮತ್ತೇನು?

ಆದರೆ ಹೊರಲಕೋಟೆಗೂ ತೂಕವುಂಟು. ಹಾದಿಯು ಸಾಮಾನ್ಯವಾಗಿ 1,500 ಬೈಟುಗಳ ಹೊರೆಯನ್ನು ಹೊರಬಲ್ಲುದು. ಹೊಸ ಲಕೋಟೆ 50 ಬೈಟುಗಳನ್ನು ಕೂಡಿಸುತ್ತದೆ. ಅದನ್ನು ಗಣಿಸದೆ ಕಟ್ಟಿದ ಜಾಲದಲ್ಲಿ, ಕುಶಲವಿಚಾರಣೆಯಂಥ ಚಿಕ್ಕ ಪ್ಯಾಕೆಟ್ಟುಗಳು ನಿರಾತಂಕವಾಗಿ ಮುಟ್ಟುತ್ತಿರಲಾಗಿ, ದೊಡ್ಡ ಕಡತವು ಮಾತ್ರ ನಡುದಾರಿಯಲ್ಲಿ ಸದ್ದಿಲ್ಲದೆ ಕಳೆದುಹೋಗುತ್ತದೆ; ಕಟ್ಟುವವನು ದಿನಗಟ್ಟಲೆ ಗೋಡೆಗಳನ್ನೇ ಪರೀಕ್ಷಿಸುತ್ತ ಕೂರುತ್ತಾನೆ. ಬಲ್ಲವರು ಮೊದಲು ಕೆಳಗಿನ ಹಾದಿಯನ್ನು 1,550ಕ್ಕೋ ಅದಕ್ಕೂ ಮಿಗಿಲಾಗಿಯೋ ಅಗಲಿಸಿ, ಆಮೇಲೆ ಸೀಮೆಗಳನ್ನು ಗುರುತಿಸುತ್ತಾರೆ.