ಆಟಿಕೆ ರೈಲಿನ ನಿಯಂತ್ರಕ: ಮುಚ್ಚಳದ ಕೆಳಗಿನ ಚರಿತ್ರೆ

ಮೆಕಾನೊ ಎಂಬ ಜೋಡಣೆಯ ಆಟಿಕೆಯಿಂದ ಹೆಸರು ಮಾಡಿದ್ದ ಫ್ರಾಂಕ್ ಹಾರ್ನ್‌ಬಿಯವರ ಲಿವರ್‌ಪೂಲ್ ಕಾರ್ಖಾನೆ 1925ರಲ್ಲಿ ವಿದ್ಯುತ್ತಿನಿಂದ ಓಡುವ ಆಟಿಕೆ ರೈಲೊಂದನ್ನು ಹೊರತಂದಿತು. ಲಂಡನ್ನಿನ ಮೆಟ್ರೊಪಾಲಿಟನ್ ರೈಲಿನ ಪ್ರತಿರೂಪವದು. ಅದರ ಒಂದು ಮಾದರಿಗೆ ವಿದ್ಯುತ್ ಬರುತ್ತಿದ್ದುದು ನೇರವಾಗಿ ಮನೆಯ ಸರಬರಾಜಿನಿಂದ! ಹಳಿಗೂ ಗೋಡೆಗೂ ನಡುವೆ ಇದ್ದುದು ಸರಣಿಯಲ್ಲಿ ಜೋಡಿಸಿದ ಬಲ್ಬು ಮತ್ತು ರೋಧಕ ಮಾತ್ರ. ಜರ್ಮನಿಯ ಆಟಿಕೆ ತಯಾರಕರೂ ಆ ಕಾಲದಲ್ಲಿ ಇದೇ ಉಪಾಯವನ್ನು ನೆಚ್ಚಿಕೊಂಡಿದ್ದರು.

ಇದರಲ್ಲಿ ಅಪಾಯವೇನು? ಒಂದು ಸಣ್ಣ ಲೆಕ್ಕ ಮಾಡೋಣ. 220 ವೋಲ್ಟಿನ ಸರಬರಾಜಿಗೆ 60 ವಾಟ್ ಬಲ್ಬನ್ನು ಸರಣಿಯಲ್ಲಿ ಹಾಕಿದ್ದೇವೆ ಎನ್ನಿ. ಉರಿಯುವಾಗ ಬಲ್ಬಿನ ರೋಧ ಸುಮಾರು 800 ಓಮ್. ರೈಲು ಓಡುತ್ತಿರುವಾಗ ವಿಭವದ ಬಹುಪಾಲು ಬಲ್ಬಿನಲ್ಲೇ ಇಳಿದುಹೋಗುತ್ತದೆ. ಹಳಿಗೆ ಉಳಿಯುವುದು ಅಲ್ಪ. ಈಗ ಮಗು ಎಂಜಿನ್ನನ್ನು ಹಳಿಯಿಂದ ಎತ್ತಿತು. ಮಂಡಲದಲ್ಲಿ ಪ್ರವಾಹ ನಿಂತಿತು. ಪ್ರವಾಹವಿಲ್ಲದಿದ್ದರೆ ಬಲ್ಬಿನಲ್ಲಿ ವಿಭವದ ಇಳಿತವೂ ಇಲ್ಲ. ಅಂದರೆ ಹಳಿಗಳ ನಡುವೆ ಪೂರ್ತಿ 220 ವೋಲ್ಟ್! ಹಳಿ ತಪ್ಪಿದ ಎಂಜಿನ್ನನ್ನು ಮತ್ತೆ ಕೂರಿಸಲು ಮಗುವಿನ ಕೈ ಬರುವುದೂ ಅದೇ ಗಳಿಗೆಯಲ್ಲಿ. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಿ. ತಣ್ಣಗಿರುವ ತಂತುವಿನ ರೋಧ ಬಿಸಿ ತಂತುವಿನದರ ಹತ್ತನೇ ಒಂದು ಭಾಗದಷ್ಟೇ, ಅಂದರೆ ಸುಮಾರು 80 ಓಮ್. ದೇಹದ ರೋಧ 2000 ಓಮ್ ಎಂದಿಟ್ಟುಕೊಂಡರೆ ಹರಿಯುವ ಪ್ರವಾಹ ಸುಮಾರು 105 ಮಿಲಿಆಂಪಿಯರ್. ಜೀವ ತೆಗೆಯಲು ಇಷ್ಟು ಸಾಕು.

ಪರಿಹಾರವಾಗಿ ಬಂದದ್ದು ಟ್ರಾನ್ಸ್‌ಫಾರ್ಮರ್. 1920ರ ದಶಕದಲ್ಲಿ ಜರ್ಮನಿಯ ಮಾರ್ಕ್ಲಿನ್ ಸಂಸ್ಥೆ 20 ವೋಲ್ಟಿನ ಪದ್ಧತಿಗೆ ಬಂತು. 1935ರ ಟ್ರಿಕ್ಸ್ ರೈಲಿಗೆ 14 ವೋಲ್ಟಿನ ಪರ್ಯಾಯ ವಿದ್ಯುತ್. 1938ರ ಹಾರ್ನ್‌ಬಿ ಡಬ್ಲೊ ರೈಲಿಗೆ 12 ವೋಲ್ಟಿನ ನೇರ ವಿದ್ಯುತ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ ಎಂಬುದಷ್ಟನ್ನೇ ತರಗತಿಯಲ್ಲಿ ಹೇಳಿ ಮುಗಿಸುತ್ತೇವೆ. ನನ್ನ ಮಟ್ಟಿಗೆ ಅದರ ದೊಡ್ಡ ಉಪಕಾರ ಬೇರೆ: ಪ್ರಾಥಮಿಕ ಮತ್ತು ದ್ವಿತೀಯಕ ಸುರುಳಿಗಳ ನಡುವೆ ತಂತಿಯ ಸಂಪರ್ಕವೇ ಇರುವುದಿಲ್ಲ.

ನೇರ ವಿದ್ಯುತ್ ಬೇಕೆಂದಾಗ ದಿಷ್ಟಕಾರಿ ಬೇಕಾಯಿತು. ಎರಡನೇ ಮಹಾಯುದ್ಧದ ನಂತರದ ದಶಕಗಳ ಒಂದು ನಿಯಂತ್ರಕ, ಉದಾಹರಣೆಗೆ ಬ್ರಿಟನ್ನಿನ ಹ್ಯಾಮಂಟ್ ಅಂಡ್ ಮಾರ್ಗನ್ ಅವರ ಡ್ಯುಯೆಟ್, ನಿಮ್ಮ ಕೈಗೆ ಸಿಕ್ಕರೆ ಪ್ಲಗ್ಗನ್ನು ಕಿತ್ತು, ಎದುರಿಗೇ ಇಟ್ಟುಕೊಂಡು ಮುಚ್ಚಳ ತೆಗೆಯಿರಿ. ಭಾರವಾದ ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ ಒಂದೇ ಬೋಲ್ಟಿಗೆ ಪೋಣಿಸಿದ ಚೌಕಾಕಾರದ ಲೋಹದ ತಗಡುಗಳು ಕಾಣುತ್ತವೆ. ಇದೇ ಸೆಲೆನಿಯಮ್ ದಿಷ್ಟಕಾರಿ. 1817ರಲ್ಲಿ ಬರ್ಜೀಲಿಯಸ್ ಕಂಡುಹಿಡಿದ ಈ ಧಾತುವಿನಿಂದ ಅಮೆರಿಕದ ಚಾರ್ಲ್ಸ್ ಫ್ರಿಟ್ಸ್ 1883ರಲ್ಲಿ ಸೌರಕೋಶ ಮಾಡಿದ್ದರು. ತಗಡಿನ ಮೇಲೆ ಸೆಲೆನಿಯಮ್ ಲೇಪಿಸಿದರೆ ಅದು ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುತ್ತದೆ ಎಂಬುದು 1930ರ ದಶಕದಲ್ಲಿ ಕಾರ್ಖಾನೆಯ ಸರಕಾಯಿತು. ಅರೆವಾಹಕ ಎಂಬ ಮಾತು ಪಠ್ಯಪುಸ್ತಕಕ್ಕೆ ಬರುವ ಮೊದಲೇ ಮಕ್ಕಳ ಆಟದ ಕೋಣೆಯಲ್ಲಿ ಅರೆವಾಹಕ ಕೂತಿತ್ತು!

ಸೆಲೆನಿಯಮ್ಮಿಗೆ ವಯಸ್ಸಾಗುತ್ತದೆ. ವರ್ಷಗಳು ಕಳೆದಂತೆ ಮುನ್ನಡೆಯ ರೋಧ ಹೆಚ್ಚಿ, ರೈಲು ನಿಧಾನವಾಗುತ್ತದೆ, ತಗಡು ಬಿಸಿಯಾಗುತ್ತದೆ. ಸುಟ್ಟರೆ ಬರುವ ಕೆಟ್ಟ ವಾಸನೆಯ ಹೊಗೆ ವಿಷಕಾರಿ. ಕಿಟಕಿ ತೆರೆದು ಹೊರಗೆ ಹೋಗುವುದೇ ಲೇಸು. ಇದರ ಬದಲಿಗೆ ನಾಲ್ಕು ಸಿಲಿಕಾನ್ ಡಯೋಡುಗಳ ಸೇತುವೆ ಹಾಕುವುದು ರೂಢಿ. ಆದರೆ ಎರಡು ಸಂಗತಿ ನೆನಪಿರಲಿ. ಸಿಲಿಕಾನಿನಲ್ಲಿ ಇಳಿತ 0.7 ವೋಲ್ಟಿನ ಆಸುಪಾಸು, ಸೆಲೆನಿಯಮ್ಮಿನದಕ್ಕಿಂತ ಕಡಿಮೆ. ಹಾಗಾಗಿ ಹಳಿಗೆ ಸ್ವಲ್ಪ ಹೆಚ್ಚು ವೋಲ್ಟೇಜ್ ಹೋಗುತ್ತದೆ. ಎರಡನೆಯದಾಗಿ, ಹಳಿ ತಪ್ಪಿ ಹ್ರಸ್ವಮಂಡಲವಾದಾಗ ಹಳೆಯ ಪೆಟ್ಟಿಗೆಯನ್ನು ಕಾಯುವುದು ದ್ವಿಲೋಹ ಪಟ್ಟಿಯ ಸ್ವಿಚ್ಚು. ಅದು ಕಾದು ಬಾಗಲು ಸಮಯ ಬೇಕು. ಸೆಲೆನಿಯಮ್ ಅಷ್ಟು ಹೊತ್ತು ತಾಳುತ್ತಿತ್ತು. 1 ಆಂಪಿಯರಿನ ಡಯೋಡು ತಾಳದು. 3 ಆಂಪಿಯರಿನದನ್ನೇ ಹಾಕಿ, ಜೊತೆಗೊಂದು ಫ್ಯೂಸ್ ಇರಲಿ.

ಡ್ಯುಯೆಟ್‌ನಲ್ಲಿ ಅರ್ಧತರಂಗ, ಪೂರ್ಣತರಂಗ ಎಂದು ಆಯ್ಕೆಮಾಡುವ ಸ್ವಿಚ್ಚೂ ಇತ್ತು. ಅರ್ಧತರಂಗದಲ್ಲಿ ಸೆಕೆಂಡಿಗೆ 50 ಮಿಡಿತಗಳು. ಸರಾಸರಿ ವೋಲ್ಟೇಜ್ ಕಡಿಮೆಯಿದ್ದರೂ ಪ್ರತಿ ಮಿಡಿತದ ತುದಿ ಎತ್ತರ. ಅದು ಎಂಜಿನ್ನಿನ ಸ್ಥಿರ ಘರ್ಷಣೆಯನ್ನು ಮೀರಿಸಿ, ರೈಲು ಎಗರದೆ ಮೆಲ್ಲಗೆ ಹೊರಡುವಂತೆ ಮಾಡುತ್ತದೆ. ಹೆಚ್ಚು ಹೊತ್ತು ಹೀಗೇ ಓಡಿಸಿದರೆ ಮೋಟಾರು ಕಾಯುತ್ತದೆ. ದಿಷ್ಟೀಕರಣವನ್ನು ಕಣ್ಣಿಗೆ ತೋರಿಸಿ ಕಲಿಸಲು ಇದಕ್ಕಿಂತ ಒಳ್ಳೆಯ ಪೆಟ್ಟಿಗೆಯನ್ನು ನಾನಂತೂ ಕಂಡಿಲ್ಲ.

ಮುಂದಿನ ಕಥೆ ಬೇಗನೆ ಸಾಗಿತು. 1960ರ ದಶಕದಲ್ಲಿ ಅಮೆರಿಕದ ಲಿನ್ ವೆಸ್ಟ್‌ಕಾಟ್ ಟ್ರಾನ್ಸಿಸ್ಟರ್ ನಿಯಂತ್ರಕಗಳನ್ನು ಹವ್ಯಾಸಿಗಳಿಗೆ ಪರಿಚಯಿಸಿದರು. 1979ರಲ್ಲಿ ಹಾರ್ನ್‌ಬಿಯ ಝೀರೊ 1 ಹಳಿಯ ಮೂಲಕವೇ ಅಂಕೀಯ ಸಂಕೇತ ಕಳಿಸಿ 16 ಎಂಜಿನ್‌ಗಳನ್ನು ಪ್ರತ್ಯೇಕವಾಗಿ ನಡೆಸಿತು. ಜರ್ಮನಿಯ ಲೆನ್ಝ್ ಸಂಸ್ಥೆಯ ಪದ್ಧತಿಯನ್ನು ಆಧರಿಸಿದ ಅಂಕೀಯ ಮಾನಕವನ್ನು ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘ 1990ರ ದಶಕದಲ್ಲಿ ಅಂಗೀಕರಿಸಿತು.

ಮತ್ತೆ ತೆರೆದ ಪೆಟ್ಟಿಗೆಗೆ ಬರೋಣ. ವೈರಿನ ಬಣ್ಣವನ್ನು ನಂಬಬೇಡಿ. ನಮ್ಮಲ್ಲಿ ಕೆಂಪು ಎಂದರೆ ಫೇಸ್. ಹಳೆಯ ಬ್ರಿಟಿಷ್ ಉಪಕರಣಗಳಲ್ಲೂ ಹಾಗೆಯೇ. ಹಳೆಯ ಜರ್ಮನ್ ಉಪಕರಣಗಳಲ್ಲಿ ಕೆಂಪು ಭೂತಂತಿ! ಇಂಥ ಗೊಂದಲದಿಂದಾಗಿಯೇ ಕಂದು, ನೀಲಿ, ಹಸಿರು-ಹಳದಿ ಬಣ್ಣಗಳ ಸಮಾನ ಪದ್ಧತಿ ಬಂತು. ಬ್ರಿಟನ್ನಿನಲ್ಲಿ ಅದರ ನಿಯಮ ಆದದ್ದು 1969ರಲ್ಲಿ. ಯಾವ ತಂತಿ ಎಲ್ಲಿಗೆ ಹೋಗಿದೆ ಎಂಬುದನ್ನು ಮಲ್ಟಿಮೀಟರಿನಿಂದಲೇ ನೋಡಿ.

ಇನ್ನೊಂದು ಅಪಾಯವನ್ನು ವಿದ್ಯಾರ್ಥಿಗಳು ತಾವೇ ಊಹಿಸಬಲ್ಲರು. ಪರ್ಯಾಯ ವಿದ್ಯುತ್ತಿನಲ್ಲಿ ಓಡುವ ರೈಲಿನ ಒಂದೇ ಹಳಿಗೆ ಎರಡು ಟ್ರಾನ್ಸ್‌ಫಾರ್ಮರ್ ಜೋಡಿಸಿ, ಒಂದರ ಪ್ಲಗ್ ಕಿತ್ತಿರಿ ಎನ್ನಿ. ಇನ್ನೊಂದರ ವೋಲ್ಟೇಜ್ ಹಳಿಯ ಮೂಲಕ ಬಂದು ಈ ದ್ವಿತೀಯಕ ಸುರುಳಿಯನ್ನೇ ಪ್ರಾಥಮಿಕವಾಗಿಸುತ್ತದೆ. ಕೈಯಲ್ಲಿ ಹಿಡಿದ ಪ್ಲಗ್ಗಿನ ಬರಿಯ ಪಿನ್ನುಗಳಲ್ಲಿ ಮನೆಯ ಸರಬರಾಜಿನಷ್ಟೇ ವಿಭವ ಕಾದಿರುತ್ತದೆ.

ಮುಚ್ಚಳ ಹಾಕುವ ಮೊದಲು ಪ್ಲಗ್ಗಿನ ಪಿನ್ನುಗಳಿಗೂ ಹಳಿಯ ತುದಿಗಳಿಗೂ ನಡುವೆ ನಿರೋಧವನ್ನು ಅಳೆಯಿರಿ. ಮಲ್ಟಿಮೀಟರಿನ ಪುಟ್ಟ ಬ್ಯಾಟರಿ ಹಳೆಯ ನಿರೋಧಕ ಕಾಗದದ ದೌರ್ಬಲ್ಯವನ್ನು ತೋರಿಸದು. ಕಾಲೇಜಿನ ಪ್ರಯೋಗಾಲಯದಲ್ಲಿ 500 ವೋಲ್ಟಿನ ಮೆಗ್ಗರ್ ಇದ್ದರೆ, ಡಯೋಡುಗಳನ್ನು ಬಿಡಿಸಿಟ್ಟು, ಅಧ್ಯಾಪಕರ ಎದುರಿನಲ್ಲೇ ಅದರಿಂದ ನೋಡಿ. ಕೆಲವು ಮೆಗಾಓಮಿಗಿಂತ ಕಡಿಮೆ ತೋರಿಸಿದ ಟ್ರಾನ್ಸ್‌ಫಾರ್ಮರನ್ನು ಕಪಾಟಿನಲ್ಲಿ ಪ್ರದರ್ಶನಕ್ಕಿಡಿ. ವೈರನ್ನು ಮಾತ್ರ ಕತ್ತರಿಸಿಡಿ.