ಸೂಪರ್ ಮಾರ್ಕೆಟ್‌ನಲ್ಲಿ ರಸ್ತೆ ದಾಟುವಾಗ: ಪಾದಚಾರಿಯ ಹಕ್ಕು ಏನು?

ಕಲಬುರಗಿ: ಕಮಲಾಪುರ, ಆಳಂದ, ಜೇವರ್ಗಿ ಕಡೆಯಿಂದ ಬಜಾರಕ್ಕೆ ಬರೋ ಮಂದಿ ಸೂಪರ್ ಮಾರ್ಕೆಟ್‌ಗೆ ಹೋಗದೆ ಊರಿಗೆ ಮರಳೋದು ಕಡಿಮೆ. ಕೈಯಲ್ಲಿ ಚೀಲ, ಪಕ್ಕದಲ್ಲಿ ಮಕ್ಕಳು, ಎದುರಿಗೆ ಆಟೊ, ಟಂಟಂ, ಬೈಕು. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು ಎನ್ನುತ್ತದೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ. ಹತ್ತಿರ ಹತ್ತಿರ ಐದರಲ್ಲಿ ಒಬ್ಬರು.

ವೃತ್ತಗಳಲ್ಲಿ ಹೆಚ್ಚು ಅಪಾಯ ತಿರುಗುವ ಗಾಡಿಯಿಂದ. ಎಡಕ್ಕೆ ಹೊರಳುವ ಸವಾರ ಬಲಗಡೆಯಿಂದ ಬರೋ ಗಾಡಿ ನೋಡ್ತಾನೆ. ಎಡ ಮೂಲೆಯಲ್ಲಿ ರಸ್ತೆಗೆ ಇಳಿದವರು ಅವನ ಕಣ್ಣಿಗೆ ಬೀಳೋದೇ ಇಲ್ಲ. ನಿಂತ ಬಸ್ ಅಥವಾ ಆಟೊ ಮುಂದಿನಿಂದ ದಾಟಿದರೂ ಇದೇ ಕಥೆ. ಇನ್ನು ಲೆಕ್ಕ ನೋಡಿ: ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ 14 ಮೀಟರ್ ರಸ್ತೆ ದಾಟಲು ಸುಮಾರು 12 ಸೆಕೆಂಡ್ ಬೇಕು. ಮೊಣಕಾಲು ನೋವಿನ ಅಜ್ಜಿಗೆ 18 ಸೆಕೆಂಡಾದರೂ ಬೇಕು. 40 ಕಿ.ಮೀ. ವೇಗದ ಬೈಕು ಒಂದೇ ಸೆಕೆಂಡಿಗೆ 11 ಮೀಟರ್ ಬಂದಿರುತ್ತೆ.

ಕಾನೂನು ಪಾದಚಾರಿಯ ಪರ ಇದೆ. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಪ್ರಕಾರ ಸಿಗ್ನಲ್ ಇಲ್ಲದ ಜೀಬ್ರಾ ಪಟ್ಟಿಯಲ್ಲಿ ಸವಾರ ವೇಗ ತಗ್ಗಿಸಿ, ನಿಂತು, ನಡೆಯುವವರಿಗೆ ದಾರಿ ಬಿಡಬೇಕು. ಮುಂದೆ ಟ್ರಾಫಿಕ್ ಜಾಮ್ ಆಗಿದ್ದರೆ ಪಟ್ಟಿ ಮೇಲೆ ಗಾಡಿ ತಂದು ನಿಲ್ಲಿಸುವ ಹಾಗಿಲ್ಲ. ಫುಟ್‌ಪಾತ್ ಮೇಲೆ ಬೈಕು ಓಡಿಸೋದೂ ತಪ್ಪು. ಈ ನಿಯಮ ಮುರಿದರೆ ಕಾಯ್ದೆಯ 177ಎ ಕಲಂ ಪ್ರಕಾರ 500ರಿಂದ 1,000 ರೂ. ದಂಡ. ಪಟ್ಟಿಯ ಬಣ್ಣವೇ ಮಾಸಿ ಹೋಗಿದ್ದರೆ ಸವಾರನಿಗೆ ಏನು ಕಾಣಬೇಕು ಅನ್ನೋದು ಬೇರೆ ಪ್ರಶ್ನೆ.

ಫುಟ್‌ಪಾತ್‌ನಲ್ಲಿ ಕನಿಷ್ಠ 1.8 ಮೀಟರ್ ಅಗಲ ನಡೆಯಲು ಖಾಲಿ ಇರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿ ಹೇಳುತ್ತದೆ. ಅಡ್ಡಿಯಿಲ್ಲದ ಫುಟ್‌ಪಾತ್ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಹೇಳಿದೆ. ಹಾಗಂತ ತಳ್ಳುಗಾಡಿಯವರನ್ನು ಎತ್ತಂಗಡಿ ಮಾಡಿದರೆ ಮುಗೀತು ಅನ್ನೋಕಾಗಲ್ಲ; 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಅವರಿಗೂ ಜಾಗ ಗುರುತಿಸಿ ಕೊಡಬೇಕು. ಅಂಗಡಿ ಮುಂದೆ ಸಾಲಾಗಿ ನಿಲ್ಲುವ ಬೈಕುಗಳ ಮಾತು ಯಾರೂ ಎತ್ತಲ್ಲ.

ಅಪಘಾತ ಆದರೆ 108 ಅಥವಾ 112ಕ್ಕೆ ಕರೆ ಮಾಡಿ. ಗಾಯಾಳುವಿಗೆ ನೆರವಾದವರು ಹೆಸರು, ವಿಳಾಸ ಹೇಳಲೇಬೇಕು ಅಂತಿಲ್ಲ, ಕೇಸಿನ ಭಯವೂ ಬೇಡ. 134ಎ ಕಲಂ ರಕ್ಷಣೆ ಕೊಡುತ್ತೆ. ಗುದ್ದಿದ ಗಾಡಿ ಸಿಗದೆ ಹೋದರೂ ಪರಿಹಾರ ಉಂಟು: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂ. ಇದಕ್ಕೆ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ ಅರ್ಜಿ ಕೊಡಬೇಕು. ಎಫ್‌ಐಆರ್ ಪ್ರತಿ, ಆಸ್ಪತ್ರೆ ಕಾಗದ ಜೋಪಾನವಾಗಿ ಇಟ್ಟುಕೊಳ್ಳಿ.