ಆಡ್-ಇನ್ ಎಂಬ ಉಪಾಂಗದ ಕಥೆ

ಬಡಗಿಯಾದವನು ತನ್ನ ಉಳಿಗೆ ಕೈಗೊಪ್ಪುವ ಹಿಡಿಯನ್ನು ತಾನೇ ಹಾಕಿಕೊಳ್ಳುತ್ತಾನೆ. ಅದಕ್ಕಾಗಿ ಉಳಿ ಮಾಡಿಕೊಟ್ಟ ಕಮ್ಮಾರನ ಅಪ್ಪಣೆಯನ್ನು ಬೇಡುವುದಿಲ್ಲ. ಗಣಕಯಂತ್ರಕ್ಕೆ ಪ್ರೋಗ್ರಾಮು ಬರೆಯುವವರಿಗೂ ಇಂಥದೊಂದು ಸಲಕರಣೆ ಉಂಟು. ಬರೆಯುವುದು, ತಿದ್ದುವುದು, ದೋಷ ಹುಡುಕುವುದು ಎಲ್ಲಕ್ಕೂ ಒದಗುವ ತಂತ್ರಾಂಶವದು. ಬಳಸುವವನು ತನಗೆ ಬೇಕಾದುದನ್ನು ಅದಕ್ಕೆ ಜೋಡಿಸಿಕೊಳ್ಳಬಹುದೆ? ಜೋಡಿಸಿದುದು ಎಷ್ಟು ಕಾಲ ಬಾಳೀತು? ಆಡ್-ಇನ್, ಪ್ಲಗಿನ್, ಎಕ್ಸ್‌ಟೆನ್‌ಷನ್ ಎಂದು ಹಲವು ಹೆಸರು ಪಡೆದ ಉಪಾಂಗಗಳ ಇತಿಹಾಸದಲ್ಲಿ ಈ ಎರಡು ಪ್ರಶ್ನೆಗಳೇ ಮುಖ್ಯವಾದವು.

ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಕೃತಕ ಬುದ್ಧಿಮತ್ತೆಯ ಪ್ರಯೋಗಶಾಲೆಯಲ್ಲಿ ಹಿಂದೆ ಟೆಕೊ ಎಂಬ ಎಡಿಟರ್ ಬಳಕೆಯಲ್ಲಿತ್ತು. ಒಂದೆರಡು ಅಕ್ಷರಗಳ ಆಜ್ಞೆಗಳನ್ನು ಕೊಟ್ಟು ಪಠ್ಯವನ್ನು ತಿದ್ದುವ ಸಾಧನವದು. ಇಂಥ ಆಜ್ಞೆಗಳನ್ನು ಸಾಲಾಗಿ ಪೋಣಿಸಿದರೆ ಒಂದು ಮ್ಯಾಕ್ರೊ ಆಗುತ್ತಿತ್ತು. ಒಂದು ಕೀಲಿಯನ್ನು ಒತ್ತಿದೊಡನೆ ಒಂದು ಮ್ಯಾಕ್ರೊ ನಡೆಯುವಂತೆ ರಿಚರ್ಡ್ ಸ್ಟಾಲ್‌ಮನ್ ಅವರು ಟೆಕೊವನ್ನು ಮಾರ್ಪಡಿಸಿದರು. ಆ ಬಳಿಕ ಹಲವರು ತಮ್ಮ ತಮ್ಮ ಅಭಿರುಚಿಯಂತೆ ಮ್ಯಾಕ್ರೊಗಳನ್ನು ಬರೆದುಕೊಂಡರು. ಒಬ್ಬನ ಕೀಲಿಗಳು ಇನ್ನೊಬ್ಬನಿಗೆ ತಿಳಿಯದಾದುವು. ಒಂದೇ ಕಾವ್ಯದ ಓಲೆಪ್ರತಿಗಳಲ್ಲಿ ಪಾಠಾಂತರಗಳು ಹೆಚ್ಚಿದಾಗ ಸಂಪಾದಕನು ಅವುಗಳನ್ನು ಕೂಡಿಸಿ ನೋಡುವಂತೆ, ಇಲ್ಲಿಯೂ ಒಬ್ಬರು ಕುಳಿತು ನೋಡಬೇಕಾಯಿತು. ೧೯೭೬ರಲ್ಲಿ ಗೈ ಸ್ಟೀಲ್ ಅವರು ಈ ಕೆಲಸಕ್ಕೆ ಕೈಹಾಕಿದರು. ಸ್ಟಾಲ್‌ಮನ್ ಅದನ್ನು ಮುಂದುವರಿಸಿ ಪೂರೈಸಿದರು. ಹೀಗೆ ಹುಟ್ಟಿದುದೇ ಈಮ್ಯಾಕ್ಸ್. ಇದನ್ನು ಪಡೆದವರು ತಾವು ಮಾಡಿದ ಸುಧಾರಣೆಗಳನ್ನು ಮರಳಿ ತಮಗೆ ಕಳುಹಿಸಬೇಕು, ಅವು ಎಲ್ಲರಿಗೂ ಹಂಚಲ್ಪಡಬೇಕು ಎಂಬುದು ಸ್ಟಾಲ್‌ಮನ್ನರ ಷರತ್ತಾಗಿತ್ತು.

೧೯೮೫ರಲ್ಲಿ ಅವರು ಗ್ನೂ ಈಮ್ಯಾಕ್ಸನ್ನು ಹೊರತಂದರು. ಅದರ ಬಹುಭಾಗವು ಲಿಸ್ಪ್ ಭಾಷೆಯಲ್ಲಿದೆ; ಬಳಸುವವನು ತನ್ನ ಸೇರ್ಪಡೆಯನ್ನು ಬರೆಯುವುದೂ ಅದೇ ಭಾಷೆಯಲ್ಲಿ. ಆದುದರಿಂದ ಮೂಲಕ್ಕೂ ಉಪಾಂಗಕ್ಕೂ ನಡುವೆ ಗೋಡೆಯಿಲ್ಲ.

ಮುಂದೆ ೨೦೦೧ರಲ್ಲಿ ಐ.ಬಿ.ಎಂ. ಸಂಸ್ಥೆಯು ಎಕ್ಲಿಪ್ಸನ್ನು ಮೂಲಸಹಿತ ಬಿಡುಗಡೆ ಮಾಡಿತು. ಅದರಲ್ಲಿ ತಿರುಳು ಬಹು ಚಿಕ್ಕದು, ಉಳಿದುದೆಲ್ಲವೂ ಪ್ಲಗಿನ್ನುಗಳೇ.

ಮೈಕ್ರೋಸಾಫ್ಟ್ ಸಂಸ್ಥೆಯ ವಿಷುಯಲ್ ಸ್ಟುಡಿಯೋದಲ್ಲಿ ವ್ಯವಸ್ಥೆ ಬೇರೆ. ಸಂಸ್ಥೆಯು ತೆರೆದಿಟ್ಟ ಬಾಗಿಲುಗಳಿಂದಷ್ಟೇ ಆಡ್-ಇನ್ ಒಳಗೆ ಬರಬೇಕು. ಹಾಗೆ ಬಂದ ಉಪಾಂಗಗಳು ಅನೇಕ ವರ್ಷ ಚೆನ್ನಾಗಿಯೇ ದುಡಿದುವು. ಆದರೆ ೨೦೧೩ರ ಆವೃತ್ತಿಯಲ್ಲಿ ಈ ಬಗೆಯ ಆಡ್-ಇನ್‌ಗಳು ಇನ್ನು ಬೇಡವೆಂದು ಸಂಸ್ಥೆಯು ಸೂಚಿಸಿತು. ೨೦೧೫ರ ಆವೃತ್ತಿಯಲ್ಲಿ ಬಾಗಿಲನ್ನೇ ಮುಚ್ಚಿತು. ಇದಕ್ಕಿಂತ ಸಮರ್ಥವಾದ ಎಕ್ಸ್‌ಟೆನ್‌ಷನ್ ಮಾರ್ಗವು ಇದ್ದಿತೆಂಬುದು ನಿಜ. ಆದರೂ ಹಳೆಯದನ್ನು ಬರೆದವರು ಕೆಲಸವನ್ನು ಹೊಸದಾಗಿ ಮಾಡಬೇಕಾಯಿತು. ಮಾಡದವರ ಶ್ರಮ ಹಳೆಯ ಆವೃತ್ತಿಗಳಲ್ಲಿಯೇ ಉಳಿಯಿತು.

ಇನ್ನೊಂದು ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಗಿಟ್‌ಹಬ್ ಸಂಸ್ಥೆಯು ೨೦೧೪ರಲ್ಲಿ ಹೊರತಂದ ಆಟಮ್ ಎಂಬ ಎಡಿಟರಿಗೂ ಇಂಥ ಉಪಾಂಗಗಳು ಹೇರಳವಾಗಿದ್ದುವು. ೨೦೨೨ರ ಡಿಸೆಂಬರಿನಲ್ಲಿ ಸಂಸ್ಥೆಯು ಅದನ್ನು ಕೈಬಿಟ್ಟಿತು. ಆದರೆ ಮೂಲವು ಎಲ್ಲರ ಕೈಗೂ ಸಿಕ್ಕುವಂತಿದ್ದುದರಿಂದ ಬಳಸುತ್ತಿದ್ದವರಲ್ಲೇ ಕೆಲವರು ಅದನ್ನು ಪಲ್ಸರ್ ಎಂಬ ಹೆಸರಿನಿಂದ ಮುಂದುವರಿಸಿದರು.

ಜೋಡಿಸುವ ಅನುಕೂಲವನ್ನು ಈಗ ಬಹುಮಟ್ಟಿಗೆ ಎಲ್ಲ ಸಂಸ್ಥೆಗಳೂ ಕೊಡುತ್ತವೆ. ಮೊದಲ ಪ್ರಶ್ನೆಗೆ ಉತ್ತರ ದೊರೆತಂತೆಯೇ ಸರಿ. ಎರಡನೆಯದಕ್ಕೆ ಉತ್ತರವು ಮೂಲ ಯಾರ ಕೈಯಲ್ಲಿದೆ ಎಂಬುದನ್ನು ಅವಲಂಬಿಸಿದೆ. ಉಪಾಂಗ ಬರೆಯಲು ಹೊರಟ ತರುಣರು ಅದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.